ವಿಂಡ್ಸರ್‌ನಲ್ಲಿ ಅರ್ಧ ದಿನ: ಶ್ರೀರಂಗಪಟ್ಟಣದ ಸಿಂಹಾಸನ ಎಲ್ಲಿ ಹೋಯಿತು?

ನಮ್ಮಲ್ಲಿ ಅನೇಕರು ಊರಿಗೆ ಹೋಗುವುದು ನ್ಯೂವಾರ್ಕ್‌ನಿಂದ ಲಂಡನ್ ಮಾರ್ಗವಾಗಿ. ಹೀಥ್ರೋದಲ್ಲಿ ಒಂಬತ್ತು-ಹತ್ತು ಗಂಟೆ ಬಿಡುವಿದ್ದರೆ, ಮಕ್ಕಳನ್ನು ಕಟ್ಟಿಕೊಂಡು ನಿಲ್ದಾಣದ ಕುರ್ಚಿಗಳಲ್ಲಿ ತೂಕಡಿಸುವ ಬದಲು ವಿಂಡ್ಸರ್ ಪಟ್ಟಣಕ್ಕೆ ಹೋಗಿಬರಬಹುದು. ಟ್ಯಾಕ್ಸಿಯಲ್ಲಿ ಸುಮಾರು ಅರ್ಧ ಗಂಟೆಯ ದಾರಿ. ಕೋಟೆಯೊಳಗೆ ಸಾಮಾನ್ಯವಾಗಿ ಮಂಗಳವಾರ, ಬುಧವಾರ ಬಿಡುವುದಿಲ್ಲ. ಅಮೆರಿಕದ ಪಾಸ್‌ಪೋರ್ಟ್‌ನವರು ಈಗ ಇಟಿಎ ಎಂಬ ಅನುಮತಿಯನ್ನು ಮೊದಲೇ ಪಡೆದಿರಬೇಕು. ಭಾರತದ ಪಾಸ್‌ಪೋರ್ಟ್ ಇರುವವರಿಗೆ ನಿಯಮ ಬೇರೆ, ಟಿಕೆಟ್ ಕೊಳ್ಳುವ ಮುನ್ನವೇ ವಿಚಾರಿಸಿಕೊಳ್ಳುವುದು ಲೇಸು.

ಹನ್ನೊಂದನೇ ಶತಮಾನದಲ್ಲಿ ವಿಜಯಿ ವಿಲಿಯಂ ಕಟ್ಟಲಾರಂಭಿಸಿದ ಕೋಟೆ, ಕಲ್ಲುಹಾಸಿನ ಬೀದಿಗಳು, ಕೆಳಗೆ ಥೇಮ್ಸ್ ನದಿ. ಇವೆಲ್ಲ ಯಾವ ಪ್ರವಾಸಿ ಕೈಪಿಡಿಯಲ್ಲೂ ಸಿಗುತ್ತವೆ. ನಾನು ಹೋದದ್ದು ಒಂದೇ ಒಂದು ವಸ್ತುವನ್ನು ನೋಡಲು. ಕೋಟೆಯ ಅರಮನೆಯ ದೊಡ್ಡ ಮೆಟ್ಟಿಲು ಹತ್ತಿದರೆ ಗ್ರ್ಯಾಂಡ್ ವೆಸ್ಟಿಬ್ಯೂಲ್ ಎಂಬ ಎತ್ತರದ ಹಜಾರವಿದೆ. ಟ್ರಫಾಲ್ಗರ್ ಕದನದಲ್ಲಿ ನೆಲ್ಸನ್‌ನನ್ನು ಕೊಂದ ಗುಂಡನ್ನು ಇಟ್ಟಿರುವುದೂ ಅಲ್ಲೇ. ಜನ ಮುಗಿಬೀಳುವುದು ಆ ಗುಂಡಿನ ಮುಂದೆ. ಅದೇ ಹಜಾರದ ಗಾಜಿನ ಬೀರುವಿನಲ್ಲಿ ಬಾಯಿ ತೆರೆದ ಚಿನ್ನದ ಹುಲಿಯ ತಲೆಯೊಂದು ಕೂತಿದೆ. ಕಣ್ಣು, ಹಲ್ಲು ಸ್ಫಟಿಕದವು. ಟಿಪ್ಪು ಸುಲ್ತಾನನ ಸಿಂಹಾಸನದಲ್ಲಿ ಉಳಿದ ದೊಡ್ಡ ಭಾಗಗಳಲ್ಲಿ ಇದೊಂದು.

ಸಿಂಹಾಸನ ಹೇಗಿತ್ತೆಂದರೆ: ಎಂಟು ಮೂಲೆಯ ಮರದ ಪೀಠ, ಅದಕ್ಕೆ ಹುಲಿಪಟ್ಟೆ ಕೆತ್ತಿದ ಚಿನ್ನದ ತಗಡಿನ ಹೊದಿಕೆ. ಪೀಠದ ಕೆಳಗೆ ಈ ದೊಡ್ಡ ಹುಲಿ. ಸುತ್ತಲಿನ ಕಟಕಟೆಯ ಮೇಲೆ ರತ್ನ ಕೂರಿಸಿದ ಎಂಟು ಪುಟ್ಟ ಹುಲಿತಲೆಗಳು. ನೆತ್ತಿಯ ಛತ್ರದ ಮೇಲೆ ಹುಮಾ ಪಕ್ಷಿ. ಆ ಹಕ್ಕಿಯ ನೆರಳು ಯಾರ ತಲೆಯ ಮೇಲೆ ಬೀಳುತ್ತದೋ ಅವರು ಅರಸರಾಗುತ್ತಾರೆ ಎಂಬುದು ಪರ್ಷಿಯನ್ ಕಥೆ. ಇಂಗ್ಲಿಷರನ್ನು ಸೋಲಿಸುವವರೆಗೆ ಅದನ್ನು ಏರುವುದಿಲ್ಲವೆಂದು ಟಿಪ್ಪು ಶಪಥ ಮಾಡಿದ್ದನಂತೆ. (ಮೈಸೂರಿನಲ್ಲಿ ದಸರೆಗೆ ಜೋಡಿಸುವ ಒಡೆಯರ ರತ್ನಸಿಂಹಾಸನ ಇದಲ್ಲ, ಎರಡನ್ನೂ ಒಂದೇ ಎಂದುಕೊಂಡವರನ್ನು ನಮ್ಮ ಕೂಟದಲ್ಲೇ ಕಂಡಿದ್ದೇನೆ.)

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಆಗಿನ ಪದ್ಧತಿಯಂತೆ ಲೂಟಿಯ ಮಾಲನ್ನೆಲ್ಲ ಒಂದೆಡೆ ಸೇರಿಸಿ, ಬೆಲೆ ಕಟ್ಟಿ, ದಂಡನಾಯಕನಿಂದ ಸಿಪಾಯಿಯವರೆಗೆ ದರ್ಜೆಗೆ ತಕ್ಕಂತೆ ಹಂಚಬೇಕಿತ್ತು. ಈ ಕೆಲಸಕ್ಕೆಂದೇ ಪ್ರೈಜ್ ಏಜೆಂಟರು ಇದ್ದರು. ಸಿಂಹಾಸನವನ್ನು ಹಾಗೇ ಹಂಚಲು ಬರುವುದಿಲ್ಲ. ಒಡೆದು ಚೂರು ಮಾಡಿದರು. ಇಡಿಯಾಗಿ ಲಂಡನ್ನಿನ ದೊರೆಗೆ ಕಳಿಸಬೇಕೆಂದಿದ್ದ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಗೆ ಇದು ತಿಳಿದು ಬೇಸರವಾಯಿತು. ಆ ಬೇಸರ ಪೀಠ ಒಡೆದುಹೋಯಿತಲ್ಲ ಎಂದೇ ಹೊರತು, ಅದು ಮೈಸೂರಿನದು ಎಂದಲ್ಲ. ಹುಮಾ ಪಕ್ಷಿ ಮೂರನೇ ಜಾರ್ಜ್‌ಗೆ ಸೇರಿತು. ಹುಲಿಯ ತಲೆಯನ್ನು ಈಸ್ಟ್ ಇಂಡಿಯಾ ಕಂಪನಿ 1831ರಲ್ಲಿ ನಾಲ್ಕನೇ ವಿಲಿಯಂಗೆ ಒಪ್ಪಿಸಿತು. ಪುಟ್ಟ ತಲೆಗಳಲ್ಲಿ ಒಂದು ವೇಲ್ಸ್‌ನ ಪೋವಿಸ್ ಕೋಟೆಯಲ್ಲಿದೆ; ಇನ್ನೊಂದು 2009ರಲ್ಲಿ ಲಂಡನ್ನಿನ ಬಾನಮ್ಸ್ ಹರಾಜಿನಲ್ಲಿ 3,89,600 ಪೌಂಡಿಗೆ ಹೋಯಿತು.

ಟಿಪ್ಪುವಿನ ಬಗ್ಗೆ ನಮ್ಮಲ್ಲಿ ಒಮ್ಮತವಿಲ್ಲ. ಕೊಡಗಿನವರ, ಮೇಲುಕೋಟೆಯವರ ನೆನಪೇ ಬೇರೆ, ಅದಕ್ಕೆ ಕಾರಣವೂ ಇದೆ. ಆದರೆ ಸಿಂಹಾಸನದ ಚಿನ್ನ ಅವನ ಸ್ವಂತದ್ದಲ್ಲ, ಮೈಸೂರು ಸೀಮೆಯ ರೈತರು ತೆತ್ತ ಕಂದಾಯದ್ದು. ಆ ಲೆಕ್ಕದಲ್ಲಿ ಬೀರುವಿನ ಮುಂದೆ ನಿಂತವರಿಗೆ ಒಂದಿಷ್ಟು ಸಂಬಂಧ ಬರುತ್ತದೆ, ಟಿಪ್ಪುವನ್ನು ಒಪ್ಪಲಿ ಬಿಡಲಿ.

ಹಿಲ್ಸ್‌ಬರೋದ ನಮಗೆ ಇನ್ನೊಂದು ಎಳೆಯೂ ಇದೆ. ಇಲ್ಲಿನ ಶಾಲೆಯಲ್ಲಿ ಮಕ್ಕಳು ಕಾರ್ನ್‌ವಾಲಿಸ್ ಎಂಬ ಹೆಸರು ಕಲಿಯುವುದು 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಸೋತು ಶರಣಾದವನೆಂದು. ಅದಕ್ಕೂ ಮೊದಲು, 1777ರ ಏಪ್ರಿಲ್‌ನಲ್ಲಿ, ಅವನು ಬೌಂಡ್ ಬ್ರೂಕ್‌ನ ಮೇಲೆ ಬಿದ್ದಿದ್ದ. ಜೂನ್‌ನಲ್ಲಿ ನಮಗೆ ಅಂಟಿಕೊಂಡಿರುವ ಮಿಲ್‌ಸ್ಟೋನ್‌ವರೆಗೂ ದಂಡು ತಂದಿದ್ದ. ಅಲ್ಲಿ ಸೋತವನು 1786ರಲ್ಲಿ ಗವರ್ನರ್ ಜನರಲ್ ಆಗಿ ಕಲ್ಕತ್ತೆಗೆ ಬಂದ. 1792ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿ ಟಿಪ್ಪುವಿನ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಜೊತೆಗೆ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಳುಗಳಾಗಿ ಪಡೆದ. ಮಕ್ಕಳ ಪಠ್ಯದಲ್ಲಿ ಯಾರ್ಕ್‌ಟೌನ್‌ನೊಂದಿಗೇ ಅವನ ಕಥೆ ಮುಗಿಯುತ್ತದೆ. ಮುಂದಿನ ಅಧ್ಯಾಯವನ್ನು ಮನೆಯಲ್ಲಿ ನಾವೇ ಹೇಳಬೇಕು. ಅಮೆರಿಕವನ್ನು ಕಳೆದುಕೊಂಡ ಮೂರನೇ ಜಾರ್ಜ್‌ನ ಕೈಗೇ ಹುಮಾ ಹಕ್ಕಿ ಬಂದು ಕೂತದ್ದು. ಅವನ ಸಮಾಧಿ ಇರುವುದೂ ಇದೇ ಕೋಟೆಯ ಸೇಂಟ್ ಜಾರ್ಜ್ ಚಾಪೆಲ್‌ನಲ್ಲಿ.

ಕೋಟೆಯಿಂದ ಇಳಿದು, ಮೋಟಾರು ವಾಹನಗಳನ್ನು ಬಿಡದ ಸೇತುವೆಯ ಮೇಲೆ ಥೇಮ್ಸ್ ದಾಟಿದರೆ ಈಟನ್. ಬೀದಿಯ ಕೊನೆಗೆ 1440ರಲ್ಲಿ ಆರನೇ ಹೆನ್ರಿ ಸ್ಥಾಪಿಸಿದ ಶಾಲೆ. ಕಾರ್ನ್‌ವಾಲಿಸ್ ಓದಿದ್ದು ಇಲ್ಲಿ. ರಿಚರ್ಡ್ ವೆಲ್ಲೆಸ್ಲಿಯೂ ಇಲ್ಲೇ. ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿನ ಆಡಳಿತ ನೋಡಿಕೊಂಡ, ಮುಂದೆ ವೆಲಿಂಗ್ಟನ್ ಡ್ಯೂಕ್ ಆದ ಅವನ ತಮ್ಮ ಆರ್ಥರ್ ಕೂಡ. ಮೈಸೂರನ್ನು ಗೆದ್ದದ್ದಕ್ಕೆ ರಿಚರ್ಡ್‌ಗೆ ಸಿಕ್ಕಿದ್ದು ಐರ್ಲೆಂಡಿನ ಮಾರ್ಕ್ವೆಸ್ ಪದವಿ. ಇಂಗ್ಲೆಂಡಿನದನ್ನೇ ನಿರೀಕ್ಷಿಸಿದ್ದ ಅವನು ಇದನ್ನು ಚಿನ್ನದ ನೀರು ಹಾಯಿಸಿದ ಆಲೂಗಡ್ಡೆ ಎಂದು ಹಳಿದ. 1842ರಲ್ಲಿ ತೀರಿಕೊಂಡಾಗ ಅವನನ್ನು ಹೂಳಿದ್ದು ಈ ಶಾಲೆಯ ಚಾಪೆಲ್‌ನಲ್ಲೇ. ಒಳಗೆ ಬಿಡುವ ದಿನ, ಹೊತ್ತನ್ನು ಮೊದಲೇ ತಿಳಿದುಕೊಳ್ಳಬೇಕು. ಹೊರಗಿನಿಂದಲೇ ನೋಡಿದರೆ ವಿಂಡ್ಸರ್‌ಗೆ ಮರಳಿ ಟ್ಯಾಕ್ಸಿ ಹಿಡಿಯಲು ಹದಿನೈದು-ಇಪ್ಪತ್ತು ನಿಮಿಷ ಸಾಕು.