ಸಂಜೀವಿನಿಯ ಗುರುತು

ಠಾಣೆ, ಡೊಂಬಿವಲಿ, ಕಲ್ಯಾಣಗಳ ಪೇಟೆಬೀದಿಗಳಲ್ಲಿ ಬೇರುನಾರು ಮಾರುವವರ ಹಾಸಿನ ಮೇಲೆ, ಮುಷ್ಟಿಯಂತೆ ಮುದುಡಿದ ಕಂದು ಬಣ್ಣದ ಒಣಗಿಡವೊಂದು ಆಗಾಗ ಕಣ್ಣಿಗೆ ಬೀಳುವುದುಂಟು. ನೀರಿನ ಬಟ್ಟಲಲ್ಲಿಟ್ಟರೆ ಅದು ನಿಧಾನವಾಗಿ ಅರಳುತ್ತದೆ. ಸಂಜೀವಿನಿ ಎಂಬ ಹೆಸರು ಕೇಳಿದ ಮೇಲೆ, ಊರಿನಲ್ಲಿ ಹಾಸಿಗೆ ಹಿಡಿದಿರುವ ತಾಯಿಗೆಂದು ಕೊಂಡೊಯ್ಯುವ ಮಗನನ್ನು ತಡೆಯುವವರು ಯಾರು?

ಈ ಹೆಸರಿನಿಂದ ಹೆಚ್ಚಾಗಿ ಮಾರಾಟವಾಗುವುದು ಸೆಲಾಜಿನೆಲ್ಲ ಬ್ರಯಾಪ್ಟೆರಿಸ್ ಎಂಬ ಸಸ್ಯ. ಮಧ್ಯಭಾರತದ ಗುಡ್ಡಗಳಲ್ಲಿ, ಅರಾವಳಿಯಲ್ಲಿ, ಮಣ್ಣೇ ಇಲ್ಲವೆನ್ನಬಹುದಾದ ಬಂಡೆಯಿಳಿಜಾರುಗಳಲ್ಲಿ ಇದರ ವಾಸ. ನೋಟಕ್ಕೆ ಪಾಚಿಯಂತಿದ್ದರೂ ಇದು ಪಾಚಿಯಲ್ಲ. ನೀರನ್ನು ಸಾಗಿಸುವ ನಾಳಗಳು ಇದರ ಕಾಂಡದಲ್ಲಿವೆ. ಹೂವಿಲ್ಲ, ಬೀಜವಿಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ರೆಂಬೆಯ ಮೇಲೆ ನಾಲ್ಕು ಸಾಲು ಪುಟ್ಟ ಎಲೆಗಳು ಕಾಣುತ್ತವೆ: ಎರಡು ಪಕ್ಕಗಳಲ್ಲಿ ದೊಡ್ಡವು, ನಡುವೆ ಚಿಕ್ಕವು. ರೆಂಬೆಯ ತುದಿಯಲ್ಲಿ ಬೀಜಾಣುಗಳನ್ನು ಹೊತ್ತ ಸಣ್ಣ ತೆನೆ. ಕಾಂಡದ ಬುಡ ಬೋಳು, ಮೇಲ್ಭಾಗ ಜರಿಗಿಡದ ಗರಿಯಂತೆ ಕವಲೊಡೆದಿರುತ್ತದೆ. ಅಮೆರಿಕದ ಮರುಭೂಮಿಯ ಸೋದರಸಸ್ಯ ಲೆಪಿಡೋಫಿಲ್ಲವಾದರೋ ಒಣಗಿದಾಗ ಚೆಂಡು, ನೆನೆದಾಗ ನೆಲಕ್ಕಂಟಿದ ತಟ್ಟೆ.

ಪಾರಸಿಕ ಗುಡ್ಡವು ಜೂನ್ ತಿಂಗಳ ಮೊದಲ ಮಳೆಗೆ ಹಸಿರಾಗುವುದನ್ನು ಕಂಡವರು, ಇದೂ ಅಂಥದೇ ಎಂದು ತಿಳಿಯಬಾರದು. ಅಲ್ಲಿ ಬಹುಪಾಲು ಹೊಸ ಮೊಳಕೆ. ಇಲ್ಲಿ ಹಳೆಯ ಎಲೆಯೇ ಮರಳಿ ಜೀವ ತಳೆಯುತ್ತದೆ. ಆದರೆ ಅರಳಿದ ಮಾತ್ರಕ್ಕೆ ಜೀವವಿದೆಯೆಂದಲ್ಲ. ಸತ್ತ ಗಿಡದ ಒಣ ನಾರೂ ನೀರು ಹೀರಿ ಬಿಚ್ಚಿಕೊಳ್ಳಬಲ್ಲದು. ಮಾರುವವನ ಬಟ್ಟಲು ಇದನ್ನು ಹೇಳುವುದಿಲ್ಲ!

ರಾಮಾಯಣದ ಸಂಜೀವಿನಿ ಇದೇ ಏನು? ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಕನ್ನಡಿಗರೇ ಎಂಬುದು ಸಂತೋಷದ ಸಂಗತಿ. ಕಾದಂಬರಿಕಾರರೂ ಆದ ಕೃಷಿ ವಿಜ್ಞಾನಿ ಡಾ. ಕೆ. ಎನ್. ಗಣೇಶಯ್ಯ, ಡಾ. ಆರ್. ವಾಸುದೇವ, ಡಾ. ಆರ್. ಉಮಾಶಂಕರ್ ಅವರು 2009ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ತಮ್ಮ ಶೋಧವನ್ನು ಪ್ರಕಟಿಸಿದರು. ಭಾರತದ ನಾನಾ ಭಾಷೆಗಳಲ್ಲಿ ಸಂಜೀವಿನಿ ಎಂದೋ ಅದರ ಪರ್ಯಾಯ ಪದಗಳಿಂದಲೋ ಕರೆಯಲ್ಪಡುವ ಸಸ್ಯಗಳನ್ನು ಕಲೆಹಾಕಿ, ಬೆಟ್ಟದಲ್ಲಿ ಬೆಳೆಯದವನ್ನು ಬದಿಗಿರಿಸುತ್ತ ಬಂದರು. ಕಡೆಗೆ ಉಳಿದವು ಎರಡು: ಈ ಸೆಲಾಜಿನೆಲ್ಲ, ಮತ್ತೊಂದು ಸೀತಾಳೆಯ ಜಾತಿಯ ಗಿಡ. ಅವರು ಸಂಭವವನ್ನು ತೂಗಿದರೇ ಹೊರತು ತೀರ್ಪು ಕೊಡಲಿಲ್ಲ. 2016ರಲ್ಲಿ ಉತ್ತರಾಖಂಡ ಸರಕಾರವು ಸಂಜೀವಿನಿಯ ಅನ್ವೇಷಣೆಗೆ 25 ಕೋಟಿ ರೂಪಾಯಿಗಳನ್ನು ಘೋಷಿಸಿತು.

ಔಷಧಗುಣದ ಮಾತಿಗೆ ಬಂದರೆ, 2005ರಲ್ಲಿ ಬೆಂಗಳೂರಿನ 'ಜರ್ನಲ್ ಆಫ್ ಬಯೋಸೈನ್ಸಸ್'ನಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಈ ಗಿಡದ ಸಾರವು ಶಾಖ ಮೊದಲಾದ ಆಘಾತಗಳಿಂದ ಜೀವಕೋಶಗಳಿಗೆ ರಕ್ಷಣೆ ನೀಡಿತು. ಆದರೆ ಅವು ಪ್ರಯೋಗಾಲಯದಲ್ಲಿ ಬೆಳೆಸಿದ ಕೀಟದ ಹಾಗೂ ಸಸ್ತನಿಯ ಕೋಶಗಳು, ರೋಗಿಗಳಲ್ಲ. ಅದನ್ನು ನೆಚ್ಚಿ ಮಧುಮೇಹದ ಅಥವಾ ರಕ್ತದೊತ್ತಡದ ಗುಳಿಗೆಯನ್ನು ನಿಲ್ಲಿಸಿ ಕಷಾಯ ಕುಡಿಯುವುದು ಪ್ರಾಣಕ್ಕೆ ಸಂಚಕಾರ. ಈಗಾಗಲೇ ಕುಡಿಯುತ್ತಿರುವವರು ಆ ಪೊಟ್ಟಣವನ್ನೇ ವೈದ್ಯರ ಬಳಿಗೆ ಒಯ್ದು ತೋರಿಸುವುದು ಒಳಿತು. ಹೆಸರನ್ನಷ್ಟೇ ಹೇಳಿದರೆ ಯಾವ ಗಿಡವೆಂದು ಅವರಿಗಾದರೂ ಹೇಗೆ ತಿಳಿಯಬೇಕು?