ನಂಬರ್ ಊರಿನದು, ಡೇಟಾ ಹೋದಲ್ಲಿಯದು

ಬೆಂಗಳೂರಿನಿಂದ ಹೊಸೂರಿಗೆ 40 ಕಿಲೋಮೀಟರ್. ಹದಿನೈದು ವರ್ಷದ ಹಿಂದೆ ಅತ್ತಿಬೆಲೆ ದಾಟಿದ ಕೂಡಲೇ ಬಸ್ಸಿನಲ್ಲಿದ್ದವರ ಫೋನು ತಮಿಳುನಾಡಿನ ಟವರ್ ಹಿಡಿಯುತ್ತಿತ್ತು, 'ರೋಮಿಂಗ್' ಶುರುವಾಗುತ್ತಿತ್ತು. ಬಂದ ಕರೆ ಎತ್ತಿದರೂ ದುಡ್ಡು ಹೋಗುತ್ತಿದ್ದುದರಿಂದ ಎಷ್ಟೋ ಜನ ಅದನ್ನು ಕತ್ತರಿಸಿ, ಊರಿಗೆ ಮರಳಿದ ಮೇಲೆ ಮಾತಾಡುತ್ತಿದ್ದರು. 2013ರ ಜುಲೈನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಈ ಒಳಬರುವ ಕರೆಯ ಗರಿಷ್ಠ ದರವನ್ನು ನಿಮಿಷಕ್ಕೆ 1 ರೂಪಾಯಿ 75 ಪೈಸೆಯಿಂದ 75 ಪೈಸೆಗೆ ಇಳಿಸಿತು. 2015ರ ಮೇ ತಿಂಗಳಲ್ಲಿ ಅದು 45 ಪೈಸೆಯಾಯಿತು. ಆಮೇಲೆ ಬಂದ ಪೈಪೋಟಿಯಲ್ಲಿ ಶುಲ್ಕವೇ ಮಾಯವಾಯಿತು. ಅಷ್ಟರಲ್ಲಿ ಹೊಸೂರೇನೂ ಬೆಂಗಳೂರಿಗೆ ಹತ್ತಿರ ಸರಿದಿರಲಿಲ್ಲ. ನಾವು ಕೊಡುತ್ತಿದ್ದ ಹಣ ದೂರಕ್ಕಲ್ಲ, ಗಡಿಗೆ. ಗಡಿ ದಾಟಿದವನಿಗೆ ಬೇರೆ ದಾರಿಯಿಲ್ಲ ಎಂಬ ಕಂಪನಿಗಳ ಲೆಕ್ಕಾಚಾರಕ್ಕೆ. ವಿದೇಶಕ್ಕೆ ಹೊರಟವರು ಫೋನಿನ ಖರ್ಚಿನ ಬಗ್ಗೆ ಯೋಚಿಸುವಾಗ ಮೊದಲು ನೆನಪಿಡಬೇಕಾದದ್ದು ಇದನ್ನೇ.

ಇದಕ್ಕೆ ಯೂರೋಪಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಐರೋಪ್ಯ ಒಕ್ಕೂಟ ರೋಮಿಂಗ್ ಕರೆಗಳ ದರಕ್ಕೆ ಮೊದಲು ಕಡಿವಾಣ ಹಾಕಿದ್ದು 2007ರಲ್ಲಿ. ಗ್ರಾಹಕರು ಕೊಡುವ ಡೇಟಾ ದರಕ್ಕೆ ಮಿತಿ ಬಂದದ್ದು 2012ರಲ್ಲಿ, ಅದೂ ಒಂದು ಎಂಬಿಗೆ 70 ಸೆಂಟ್. ಕಡಿವಾಣ ಬಿದ್ದ ಮೇಲಿನ ದರದಲ್ಲೂ ಒಂದು ಜಿಬಿಗೆ ಸುಮಾರು 700 ಯೂರೋ! 2017ರ ಜೂನ್ 15ರಿಂದ ಒಕ್ಕೂಟದೊಳಗೆ ಎಲ್ಲಿ ಹೋದರೂ ತಮ್ಮೂರಿನ ದರವೇ ಎಂಬ ನಿಯಮ ಜಾರಿಗೆ ಬಂತು. ಒಂದು ಕಂಪನಿ ಇನ್ನೊಂದಕ್ಕೆ ಕೊಡುವ ಸಗಟು ದರಕ್ಕೂ ಮಿತಿಯಿದೆ. 2025ರಲ್ಲಿ ಅದು ಜಿಬಿಗೆ 1.30 ಯೂರೋ, 2027ಕ್ಕೆ 1 ಯೂರೋ. ತಂತ್ರಜ್ಞಾನ ಅಗ್ಗವಾದದ್ದು ನಿಜ, ಆದರೆ ಇಷ್ಟು ದೊಡ್ಡ ಇಳಿಕೆಯನ್ನು ಅದೊಂದರ ತಲೆಗೇ ಕಟ್ಟಲಾಗದು. ಅನುಮಾನವಿದ್ದವರು ಬ್ರಿಟನ್ನನ್ನು ನೋಡಬಹುದು. ಅದು ಒಕ್ಕೂಟ ಬಿಟ್ಟು ಹೊರಬಂದ ಮೇಲೆ ಅಲ್ಲಿನ ಹಲವು ದೊಡ್ಡ ಕಂಪನಿಗಳು ಯೂರೋಪಿಗೆ ಹೋಗುವ ಗ್ರಾಹಕರಿಗೆ ಮತ್ತೆ ದಿನಶುಲ್ಕ ಹಾಕತೊಡಗಿದವು. ಡೋವರ್ ಬಳಿ ಇಂಗ್ಲಿಷ್ ಕಾಲುವೆಯ ಅಗಲ ಮೊದಲೂ 33 ಕಿಲೋಮೀಟರ್, ಈಗಲೂ ಅಷ್ಟೇ.

ಭಾರತ ಸರ್ಕಾರವೂ ಐರೋಪ್ಯ ಒಕ್ಕೂಟದ ಹಾಗೆ ದರಕ್ಕೆ ಮಿತಿ ಹಾಕಲಿ ಎನ್ನಬಹುದು. ಆದರೆ ಜರ್ಮನಿಯ ಕಂಪನಿ ನಮ್ಮ ಕಂಪನಿಗೆ ಎಷ್ಟು ಬೆಲೆ ಹೇಳಬೇಕೆಂದು ದೆಹಲಿಯಲ್ಲಿ ಕುಳಿತು ತೀರ್ಮಾನಿಸುವುದು ಹೇಗೆ? ಅದಕ್ಕೆ ಎರಡೂ ದೇಶಗಳು ಒಪ್ಪಬೇಕು. ಅಲ್ಲಿಯತನಕ ಪ್ರಯಾಣಿಕನೇ ದಾರಿ ಹುಡುಕಿಕೊಳ್ಳಬೇಕು. ಹುಡುಕಲು ರೋಮಿಂಗ್‌ನ ಒಳಗುಟ್ಟು ಸ್ವಲ್ಪ ಗೊತ್ತಿರಬೇಕು. ಫ್ರಾಂಕ್‌ಫರ್ಟ್‌ನಲ್ಲಿಳಿದು ಫೋನ್ ಹಚ್ಚಿದ ಕೂಡಲೇ ಅಲ್ಲಿನ ಜಾಲ ನಮ್ಮ ಸಿಮ್‌ನೊಳಗಿರುವ ಸಂಖ್ಯೆಯನ್ನು ಓದುತ್ತದೆ. ಅದರಿಂದ ದೇಶ ಯಾವುದು, ಕಂಪನಿ ಯಾವುದು ಎಂದು ತಿಳಿದುಕೊಂಡು, 'ಈತ ನಿಮ್ಮ ಗ್ರಾಹಕನೇ?' ಎಂದು ಭಾರತದ ಕಂಪನಿಯನ್ನು ಕೇಳುತ್ತದೆ. ಹೌದೆಂದ ಮೇಲೆ ಸೇವೆ. ಆದರೆ ಡೇಟಾ ಸಾಮಾನ್ಯವಾಗಿ ಅಲ್ಲಿಂದ ನೇರ ಅಂತರಜಾಲಕ್ಕೆ ಹೋಗುವುದಿಲ್ಲ. ಮೊದಲು ಭಾರತದ ಕಂಪನಿಯ ದ್ವಾರಕ್ಕೆ ಬಂದು, ಅಲ್ಲಿಂದ ಜಗತ್ತಿಗೆ ಹೊರಡುತ್ತದೆ. ಫ್ರಾಂಕ್‌ಫರ್ಟ್‌ನಲ್ಲಿ ಕುಳಿತು ಫ್ರಾಂಕ್‌ಫರ್ಟ್‌ನದೇ ರೈಲಿನ ವೇಳಾಪಟ್ಟಿ ನೋಡಿದರೂ ಅದು ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗೆ. ರೋಮಿಂಗ್ ಡೇಟಾ ಎಷ್ಟೋ ಸಲ ಮಂದವಾಗುವುದಕ್ಕೆ ಈ ಸುತ್ತುದಾರಿಯೂ ಒಂದು ಕಾರಣ.

ಹಾಗಾದರೆ ಮಾಡಬೇಕಾದದ್ದೇನು? 'ಫೋನ್' ಎಂದು ನಾವು ಒಂದೇ ಮಾತಿನಲ್ಲಿ ಹೇಳುವುದರಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ಒಂದು ನಂಬರ್; ಅದು ಈಗ ಗುರುತಿನ ಚೀಟಿಯ ಹಾಗೆ. ಬ್ಯಾಂಕು, ಆಧಾರ್, ಕಾರ್ಡಿನ ಒಟಿಪಿ ಎಲ್ಲ ಅದಕ್ಕೇ ಬರಬೇಕು. ಇನ್ನೊಂದು ಡೇಟಾ, ಅದು ನಲ್ಲಿ ನೀರಿನಂತೆ, ಯಾವ ಊರಿನಲ್ಲಿದ್ದೇವೋ ಅಲ್ಲಿಯದನ್ನೇ ಹಿಡಿದುಕೊಳ್ಳಬಹುದು. ಎರಡನ್ನೂ ಊರಿನಿಂದಲೇ ಹೊತ್ತೊಯ್ಯಲು ಹೋದಾಗ ಬಿಲ್ಲು ಭಾರವಾಗುತ್ತದೆ. ನಂಬರನ್ನು ಮಾತ್ರ ಜೊತೆಗಿಟ್ಟುಕೊಂಡು, ಡೇಟಾವನ್ನು ಅಲ್ಲಿ ಕೊಳ್ಳುವುದು ಹೆಚ್ಚಿನವರಿಗೆ ಲಾಭ. ಕರೆಗೊಂದು, ಅಗ್ಗದ ಡೇಟಾಕ್ಕೊಂದು ಎಂದು ಎರಡು ಸಿಮ್ ಇಟ್ಟು ರೂಢಿಯಿರುವ ನಮ್ಮವರಿಗೆ ಇದೇನೂ ಹೊಸ ವಿದ್ಯೆಯಲ್ಲ. ಇ-ಸಿಮ್ ಬಂದ ಮೇಲೆ ಚಿಕ್ಕ ಪಿನ್ನು ಹಿಡಿದು ಸಿಮ್ಮಿನ ತಟ್ಟೆ ಎಳೆಯುವ ಪಾಡೂ ತಪ್ಪಿದೆ: ಕ್ಯೂಆರ್ ಕೋಡ್ ತೋರಿಸಿದರೆ ಹೊಸ ಕಂಪನಿಯ ಸಂಪರ್ಕ ಫೋನಿನೊಳಗಿನ ಚಿಪ್ಪಿನಲ್ಲಿ ಬಂದು ಕೂರುತ್ತದೆ, ಊರಿನ ಸಿಮ್ ಇದ್ದಲ್ಲೇ ಇರುತ್ತದೆ. ಎಡವುವುದು ಸೆಟ್ಟಿಂಗ್‌ನಲ್ಲಿ. ಊರಿನ ಸಿಮ್‌ನ 'ಡೇಟಾ ರೋಮಿಂಗ್' ಆಫ್ ಆಗಿರಬೇಕು. ಒಂದರ ಸಿಗ್ನಲ್ ಕುಗ್ಗಿದರೆ ಇನ್ನೊಂದಕ್ಕೆ ಡೇಟಾ ತಾನಾಗಿ ಜಿಗಿಯುವ ಸೌಲಭ್ಯವನ್ನೂ ಆಫ್ ಮಾಡಬೇಕು. ಆದರೆ ಪ್ರವಾಸಿಗರಿಗೆಂದು ಮಾರುವ ಎಷ್ಟೋ ಇ-ಸಿಮ್‌ಗಳು ಮೂರನೆಯ ದೇಶವೊಂದರ ಕಂಪನಿಯವು, ಅಂದರೆ ಅವೇ ರೋಮಿಂಗ್ ಸಿಮ್‌ಗಳು. ಅವುಗಳಲ್ಲಿ ಡೇಟಾ ರೋಮಿಂಗ್ ಆನ್ ಇಲ್ಲದಿದ್ದರೆ ಒಂದು ಹನಿಯೂ ಬಾರದು. ಒಂದರಲ್ಲಿ ಆಫ್, ಇನ್ನೊಂದರಲ್ಲಿ ಆನ್! ಇದು ತಿಳಿಯದೆ 'ಮೋಸ ಹೋದೆವು' ಎಂದುಕೊಳ್ಳುವವರಿದ್ದಾರೆ. ನಿಜವಾಗಿಯೂ ಎಚ್ಚರ ವಹಿಸಬೇಕಾದ ಮಾತು ಬೇರೆ. ವಿದೇಶಿ ಸಿಮ್‌ಗಳನ್ನು ಭಾರತದಲ್ಲಿ ಮಾರಲು ದೂರಸಂಪರ್ಕ ಇಲಾಖೆಯ ನಿರಾಕ್ಷೇಪಣಾ ಪತ್ರ ಬೇಕು. ಅದಿಲ್ಲವೆಂದು ಹೆಸರಾಂತ ಎರಡು ಇ-ಸಿಮ್ ಆ್ಯಪ್‌ಗಳನ್ನು 2024ರ ಜನವರಿಯಲ್ಲಿ ಇಲ್ಲಿನ ಆ್ಯಪ್ ಸ್ಟೋರ್‌ಗಳಿಂದ ತೆಗೆಯಲಾಯಿತು.

'ನಮ್ಮ ಕಂಪನಿಯದೇ ರೋಮಿಂಗ್ ಪ್ಯಾಕ್ ಹಾಕಿಸಿದರೆ ಇಷ್ಟೆಲ್ಲ ತಲೆನೋವೇ ಇಲ್ಲವಲ್ಲ' ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಪ್ಯಾಕ್‌ಗಳು ಮೊದಲಿನಷ್ಟು ದುಬಾರಿಯಾಗಿ ಉಳಿದಿಲ್ಲ. ಎರಡು ಮೂರು ದಿನದ ಕೆಲಸಕ್ಕೆ ಹೋಗುವವರು, ಸೆಟ್ಟಿಂಗ್ ಎಂದರೆ ಗಾಬರಿಯಾಗುವವರು ಪ್ಯಾಕ್ ಹಾಕಿಸುವುದೇ ಮೇಲು. ಉಳಿಯುವ ನಾಲ್ಕು ಕಾಸಿಗಿಂತ ನೆಮ್ಮದಿ ದೊಡ್ಡದು. ಚೀನಾಕ್ಕೆ ಹೋಗುವವರಿಗಂತೂ ನನ್ನ ವಾದ ತಲೆಕೆಳಗಾಗುತ್ತದೆ. ಅಲ್ಲಿನ ಸ್ಥಳೀಯ ಸಿಮ್‌ನಲ್ಲಿ ಗೂಗಲ್ ಇಲ್ಲ, ವಾಟ್ಸ್ಆ್ಯಪ್ ಇಲ್ಲ. ರೋಮಿಂಗ್ ಸಿಮ್‌ನ ಡೇಟಾ ಆ ಸುತ್ತುದಾರಿ ಹಿಡಿದು ತವರು ದೇಶದ ದ್ವಾರದಿಂದಲೇ ಹೊರಡುವ ಕಾರಣ ಅವು ಸಾಮಾನ್ಯವಾಗಿ ತೆರೆಯುತ್ತವೆ. ಬೇರೆಡೆ ದೋಷವಾದದ್ದು ಅಲ್ಲಿ ವರ. ಕರಾವಳಿಯ ಮನೆಮನೆಗೂ ಗೊತ್ತಿರುವ ಮಾತು ಇನ್ನೊಂದಿದೆ: ಎಮಿರೇಟ್ಸ್‌ನ ಸಿಮ್‌ನಲ್ಲಿ ವಾಟ್ಸ್ಆ್ಯಪ್ ಸಂದೇಶ ಹೋಗುತ್ತದೆ, ಕರೆ ಹೋಗುವುದಿಲ್ಲ. ಪ್ಯಾಕ್ ಹಾಕಿಸುವವರಾಗಲಿ ಸಿಮ್ ಕೊಳ್ಳುವವರಾಗಲಿ ನೋಡಬೇಕಾದದ್ದು ದೇಶಗಳ ಪಟ್ಟಿ. ಪ್ಯಾರಿಸ್‌ನಲ್ಲಿ ಕೊಂಡ ಸಿಮ್ ಇಟಲಿಯಲ್ಲೂ ಹೊರೆಯಿಲ್ಲದೆ ನಡೆಯುತ್ತದೆ. ಅದೇ ಬಸ್ಸು ಸ್ವಿಟ್ಜರ್ಲೆಂಡಿಗೆ ತಿರುಗಿದರೆ ಒಕ್ಕೂಟದ ನಿಯಮ ಗಡಿಯಲ್ಲೇ ಇಳಿದುಕೊಳ್ಳುತ್ತದೆ. ನಮ್ಮವರ ಯೂರೋಪ್ ಪ್ರವಾಸದಲ್ಲಿ ಸ್ವಿಸ್ ಬೆಟ್ಟಗಳಿಲ್ಲದ ಪ್ಯಾಕೇಜೇ ಅಪರೂಪ. ಹಡಗು, ವಿಮಾನಗಳಲ್ಲಿ ಸಿಗುವುದು ಉಪಗ್ರಹದ ಮೂಲಕ ನಡೆಯುವ ಬೇರೆಯೇ ಜಾಲ, ಅದರ ದರವೂ ಬೇರೆ. ಅಲ್ಲಿ ಏರೋಪ್ಲೇನ್ ಮೋಡ್ ಒಂದೇ ಗತಿ.

ಹೋಟೆಲಿನ ವೈಫೈ ಸಾಲದೇ ಎನ್ನುವವರೂ ಇದ್ದಾರೆ. ಕೋಣೆಯಲ್ಲಿ ಸಾಲುತ್ತದೆ. ಆದರೆ ಸಂಪರ್ಕ ಬೇಕಾಗುವುದು ಕೋಣೆ ಸಿಗುವ ಮುನ್ನ: ಕೊನೆಯ ಮೆಟ್ರೋ ತಪ್ಪಿದಾಗ, ಟ್ಯಾಕ್ಸಿಯವನಿಗೆ ವಿಳಾಸ ತೋರಿಸಬೇಕಾದಾಗ. ಎಷ್ಟೋ ನಿಲ್ದಾಣಗಳ ಉಚಿತ ವೈಫೈ, ಒಳಗೆ ಬಿಡುವ ಮೊದಲು ಫೋನಿಗೆ ಒಟಿಪಿ ಕಳಿಸುತ್ತದೆ. ಒಟಿಪಿ ಬರಲು ನಂಬರ್ ಜೀವಂತವಿರಬೇಕು. ನಕ್ಷೆ, ಅನುವಾದದ ಭಾಷೆ, ಟಿಕೆಟ್ಟು ಇಷ್ಟನ್ನು ಮನೆಯಲ್ಲೇ ಇಳಿಸಿಕೊಂಡರೆ ಡೇಟಾದ ಹಸಿವು ಒಂದಷ್ಟು ತಗ್ಗುತ್ತದೆ. ಹೆಚ್ಚು ಕುಡಿಯುವುದು ವಿಡಿಯೋ, ಮತ್ತು ತೆಗೆದ ಫೋಟೋಗಳೆಲ್ಲ ತಾವಾಗಿಯೇ ಕ್ಲೌಡಿಗೆ ಏರುವ ಏರ್ಪಾಡು.

ಇನ್ನು ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ಐದಾರು ತಿಂಗಳು ನಿಲ್ಲುವ ಅಪ್ಪ ಅಮ್ಮಂದಿರು. ಅವರಿಗೆ ಡೇಟಾದ ಚಿಂತೆಯೇ ಇಲ್ಲ. ಮಗಳ ಮನೆಯಲ್ಲಿ ವೈಫೈ ಇದೆ, ಹೊರಗೆ ಹೋದರೆ ಅಳಿಯನ ಹಾಟ್‌ಸ್ಪಾಟ್. ಆದ್ದರಿಂದಲೇ ಊರಿನ ಸಿಮ್ ತೆಗೆದು ಕುಂಕುಮದ ಡಬ್ಬಿಯಲ್ಲಿ ಇಟ್ಟುಬಿಡುತ್ತಾರೆ. ಪೆಟ್ಟು ಬೀಳುವುದು ಅಲ್ಲೇ. ಪ್ರೀಪೇಯ್ಡ್ ಪ್ಯಾಕಿನ ಅವಧಿ ಮುಗಿದರೆ ಒಳಬರುವ ಸಂದೇಶವೂ ನಿಲ್ಲುತ್ತದೆ. ಬಳಕೆಯೇ ಇಲ್ಲದ ಸಂಪರ್ಕವನ್ನು 90 ದಿನದೊಳಗೆ ಕಡಿಯಬಾರದು ಎಂಬುದು ಟ್ರಾಯ್ ನಿಯಮ. ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಮುರಿದುಕೊಂಡು ಇನ್ನೊಂದು 30 ದಿನ. ಆಮೇಲೆ ನಂಬರ್ ಇನ್ನೊಬ್ಬರ ಪಾಲಾಗಬಹುದು. ಪಿಂಚಣಿ ಖಾತೆಯ ಒಟಿಪಿ ಅಪರಿಚಿತರ ಜೇಬಿನಲ್ಲಿ ಸದ್ದು ಮಾಡುತ್ತದೆ. ಹೊರಡುವ ಮುನ್ನ ವರ್ಷದ ರೀಚಾರ್ಜ್ ಮಾಡಿಸಿ, ಅಂತರರಾಷ್ಟ್ರೀಯ ರೋಮಿಂಗ್ ಸೇವೆ ತೆರೆಸಿ, ಒಳಬರುವ ಎಸ್ಸೆಮ್ಮೆಸ್ಸಿಗೆ ಶುಲ್ಕವಿಲ್ಲವೆಂದು ಕಂಪನಿಯಿಂದ ಖಚಿತಪಡಿಸಿಕೊಂಡು, ಡೇಟಾ ಆಫ್ ಮಾಡಿದ ಆ ಸಿಮ್ಮನ್ನು ಹಳೆಯ ಫೋನೊಂದರಲ್ಲಿ ಹಾಕಿ ಚಾರ್ಜಿಗೆ ಚುಚ್ಚಿಟ್ಟರೂ ಸಾಕು.