ಶುಶ್ರೂಷಾ ಶಿಕ್ಷಣದ ಪ್ರಗತಿ: ಅಳೆಯುವ ಬಗೆ ಯಾವುದು?

ಚಿಕಿತ್ಸೆಯು ನಾಲ್ಕು ಪಾದಗಳ ಮೇಲೆ ನಿಲ್ಲುತ್ತದೆ ಎಂಬುದು ಆಯುರ್ವೇದದ ಮೂಲಭೂತ ನಿರೂಪಣೆಗಳಲ್ಲೊಂದು. ವೈದ್ಯ, ಔಷಧದ್ರವ್ಯ, ಉಪಸ್ಥಾತೃ ಮತ್ತು ರೋಗಿ ಇವೇ ಆ ನಾಲ್ಕು ಪಾದಗಳು. ಉಪಸ್ಥಾತೃ ಎಂದರೆ ರೋಗಿಯ ಹತ್ತಿರ ನಿಂತು ನೋಡಿಕೊಳ್ಳುವವನು ಅಥವಾ ನೋಡಿಕೊಳ್ಳುವವಳು. ಇಂದಿನ ಮಾತಿನಲ್ಲಿ ನರ್ಸ್. ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯವು ಪ್ರತಿಯೊಂದು ಪಾದಕ್ಕೂ ನಾಲ್ಕು ಗುಣಗಳನ್ನು ವಿಧಿಸುತ್ತದೆ. ಉಪಸ್ಥಾತೃವಿಗೆ ಹೇಳಿರುವ ಗುಣಗಳು ಉಪಚಾರದ ತಿಳಿವಳಿಕೆ, ಕೈಚಳಕ, ರೋಗಿಯಲ್ಲಿ ಅನುರಾಗ ಮತ್ತು ಶುಚಿತ್ವ. ಇವುಗಳ ಪೈಕಿ ಮೊದಲನೆಯದು ತಿಳಿವಳಿಕೆ ಎಂಬುದನ್ನು ವಾಚಕರು ಗಮನಿಸಬೇಕು. ಕರುಣೆಯೊಂದಿದ್ದರೆ ಸಾಕು, ರೋಗಿಯ ಸೇವೆ ಯಾರು ಬೇಕಾದರೂ ಮಾಡಬಹುದು ಎಂಬ ಭಾವನೆಯನ್ನು ನಮ್ಮ ಶಾಸ್ತ್ರವು ಒಪ್ಪುವುದಿಲ್ಲ. ಸೇವೆಗೆ ವಿದ್ಯೆ ಬೇಕು. ಆ ವಿದ್ಯೆಯನ್ನು ಕಲಿಸುವ ಶಾಲೆಯೂ ಬೇಕು.

ಸುಶ್ರುತನು ಇದೇ ಪರಿಚಾರಕನಿಗೆ ಇನ್ನೂ ಕೆಲವು ಲಕ್ಷಣಗಳನ್ನು ಹೇಳುತ್ತಾನೆ. ಅವನು ಅಸಹ್ಯಪಡದವನೂ ಬಲವುಳ್ಳವನೂ ವೈದ್ಯನ ಮಾತಿನಂತೆ ನಡೆಯುವವನೂ ದಣಿವರಿಯದವನೂ ಆಗಿರಬೇಕು. 'ಶುಶ್ರೂಷೆ' ಎಂಬ ಪದದ ಮೂಲಾರ್ಥವೇ 'ಕೇಳಬೇಕೆಂಬ ಇಚ್ಛೆ'. ರೋಗಿಯ ನರಳಾಟವನ್ನು, ಅವನು ಹೇಳದೆ ಉಳಿಸಿಕೊಂಡ ಸಂಕಟವನ್ನು ಕೇಳಿಸಿಕೊಳ್ಳುವುದರಿಂದಲೇ ಶುಶ್ರೂಷೆ ಆರಂಭವಾಗುತ್ತದೆ.

ಪ್ರತಿವರ್ಷ ಪಿಯುಸಿ ಫಲಿತಾಂಶ ಬಂದ ಕೂಡಲೇ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಅನೇಕ ಭಕ್ತರು, 'ಮಗಳನ್ನು ನರ್ಸಿಂಗ್‌ಗೆ ಸೇರಿಸಬೇಕೆಂದಿದ್ದೇವೆ, ಯಾವ ಕಾಲೇಜು ಒಳ್ಳೆಯದು?' ಎಂದು ಕೇಳುತ್ತಾರೆ. ಕೈಯಲ್ಲಿ ಬಣ್ಣದ ಕರಪತ್ರಗಳಿರುತ್ತವೆ. ಪ್ರತಿಯೊಂದರಲ್ಲಿಯೂ 'ವರ್ಷದಿಂದ ವರ್ಷಕ್ಕೆ ಪ್ರಗತಿ' ಎಂಬ ಮಾತಿರುತ್ತದೆ. ನರ್ಸಿಂಗ್ ಶಾಲೆಯ ಪ್ರಗತಿ ಎಂದರೆ ನಿಜವಾಗಿ ಏನು, ಅದನ್ನು ಗುರುತಿಸುವುದು ಹೇಗೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ನಮ್ಮ ನೆಲದ ಎರಡು ಸಾಕ್ಷ್ಯಗಳು

ರೋಗಿಗಳ ಆರೈಕೆ ನಮ್ಮ ಸೀಮೆಗೆ ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠವನ್ನು 1162ರ ಶಾಸನವೊಂದು ವಿವರವಾಗಿ ವರ್ಣಿಸುತ್ತದೆ. ಅದು ವೇದಶಾಸ್ತ್ರಗಳ ಅಧ್ಯಯನದ ಸ್ಥಾನ, ದೀನರಿಗೂ ಅಂಗವಿಕಲರಿಗೂ ಅನ್ನ ನೀಡುವ ಸ್ಥಾನ ಮತ್ತು ಅನಾಥ ರೋಗಿಗಳಿಗೆ ಚಿಕಿತ್ಸೆ ನೀಡುವ ಸ್ಥಾನವೂ ಆಗಿತ್ತೆಂದು ಆ ಶಾಸನದಿಂದ ತಿಳಿದುಬರುತ್ತದೆ. ವಿದ್ಯೆ, ಅನ್ನ ಮತ್ತು ಔಷಧ ಈ ಮೂರೂ ಒಂದೇ ಆವರಣದಲ್ಲಿ ದೊರೆಯಬೇಕೆಂಬ ತಿಳಿವು ಎಂಟುನೂರ ಅರವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಇಲ್ಲಿ ಬೇರೂರಿತ್ತು.

ಎರಡನೆಯ ಸಾಕ್ಷ್ಯ ಸೊರಬ ತಾಲ್ಲೂಕಿನದು. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಗ್ರಾಮಸ್ಥರಲ್ಲಿ ತೀವ್ರ ಜ್ವರ ಕಾಣಿಸಿಕೊಂಡಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ಪರೀಕ್ಷಿಸಿ, ಇದು ಅದುವರೆಗೆ ಜಗತ್ತಿಗೆ ತಿಳಿಯದಿದ್ದ ವೈರಾಣು ಎಂದು ನಿರ್ಣಯಿಸಿದರು. ಅಂದಿನಿಂದ ಅದು ವೈದ್ಯಗ್ರಂಥಗಳಲ್ಲಿ 'ಕ್ಯಾಸನೂರು ಕಾಡಿನ ಕಾಯಿಲೆ' ಎಂದೂ ನಮ್ಮ ಆಡುಮಾತಿನಲ್ಲಿ 'ಮಂಗನ ಕಾಯಿಲೆ' ಎಂದೂ ಪ್ರಸಿದ್ಧವಾಗಿದೆ. ನಾವು ಉಣುಗು ಎಂದು ಕರೆಯುವ ಉಣ್ಣಿಯ ಕಡಿತದಿಂದ ಇದು ಮನುಷ್ಯರಿಗೆ ತಗಲುತ್ತದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ, ಜನರು ಸೌದೆಗೂ ತರಗೆಲೆಗೂ ಕಾಡಿಗೆ ಹೋಗುವ ಕಾಲದಲ್ಲಿ, ಇದರ ಹಾವಳಿ ಹೆಚ್ಚು.

ಈ ರೋಗವನ್ನು ಇಲ್ಲಿ ಪ್ರಸ್ತಾಪಿಸಲು ಕಾರಣವಿದೆ. ಆ ವೈರಾಣುವನ್ನು ನೇರವಾಗಿ ಕೊಲ್ಲುವ ನಿರ್ದಿಷ್ಟ ಔಷಧವು ಇಂದಿಗೂ ಇಲ್ಲ. ರೋಗಿಯನ್ನು ಉಳಿಸುವುದು ಆರೈಕೆ. ದೇಹದ ನೀರಿನಂಶ ಕುಗ್ಗದಂತೆ ನೋಡಿಕೊಳ್ಳುವುದು, ಜ್ವರ, ನಾಡಿ ಮತ್ತು ರಕ್ತದೊತ್ತಡಗಳನ್ನು ಗಂಟೆಗಂಟೆಗೆ ಬರೆದಿಡುವುದು, ವಸಡು, ಮೂಗು ಅಥವಾ ಮಲದಲ್ಲಿ ರಕ್ತ ಕಾಣಿಸಿದರೆ ತಡಮಾಡದೆ ವೈದ್ಯರಿಗೆ ತಿಳಿಸುವುದು, ಇವೆಲ್ಲವೂ ಶುಶ್ರೂಷೆಯ ಕೆಲಸಗಳು. ಮತ್ತೊಂದು ಸೂಕ್ಷ್ಮವೂ ಇದೆ. ಜ್ವರ ಇಳಿದು ಒಂದೆರಡು ವಾರ ಕಳೆದ ಮೇಲೆ, ಹತ್ತು ಮಂದಿಯಲ್ಲಿ ಒಬ್ಬಿಬ್ಬರಿಗೆ ಜ್ವರ ಮರುಕಳಿಸಿ ತಲೆನೋವು, ಕುತ್ತಿಗೆ ಬಿಗಿತ, ಮಂಕು ಮೊದಲಾದ ನರಸಂಬಂಧಿ ಲಕ್ಷಣಗಳು ತೋರುವುದುಂಟು. 'ಗುಣವಾಯಿತು' ಎಂದು ಮನೆಗೆ ಕಳುಹಿಸುವಾಗ ಈ ಎಚ್ಚರಿಕೆಯನ್ನು ಮನೆಯವರಿಗೆ ಮನಮುಟ್ಟುವಂತೆ ಹೇಳಬೇಕಾದವರು ಸಾಮಾನ್ಯವಾಗಿ ವಾರ್ಡಿನ ನರ್ಸ್. ಚೆನ್ನಾಗಿ ಕಲಿತ ಒಬ್ಬ ನರ್ಸ್ ಮತ್ತು ಕಲಿಯದೆ ಪದವಿ ಪಡೆದ ಒಬ್ಬ ನರ್ಸ್ ಇವರ ನಡುವಣ ವ್ಯತ್ಯಾಸವು ಇಂತಹ ಕಡೆ ಒಂದು ಜೀವದ ವ್ಯತ್ಯಾಸವಾಗಿಬಿಡುತ್ತದೆ.

ಶಾಲೆಗಳು ಬೆಳೆದ ದಾರಿ

ಆಧುನಿಕ ಶುಶ್ರೂಷಾ ಶಿಕ್ಷಣಕ್ಕೆ ತಳಹದಿ ಹಾಕಿದವರು ಫ್ಲಾರೆನ್ಸ್ ನೈಟಿಂಗೇಲ್. 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಆರೈಕೆಗೆ ಹೋದ ಆ ಮಹಾತಾಯಿಯು ಕೇವಲ ದೀಪ ಹಿಡಿದು ಓಡಾಡಲಿಲ್ಲ. ಸಾವುಗಳ ಲೆಕ್ಕವನ್ನೂ ಇಟ್ಟರು. ಗಾಯಗಳಿಗಿಂತ ಕೊಳಕಿನಿಂದ ಹರಡುವ ರೋಗಗಳಿಗೆ ಬಲಿಯಾದ ಸೈನಿಕರೇ ಹೆಚ್ಚು ಎಂಬುದನ್ನು ಅಂಕಿಅಂಶಗಳ ಮೂಲಕ ಸರ್ಕಾರಕ್ಕೆ ಮನಗಾಣಿಸಿದರು. ಸಾರ್ವಜನಿಕರು ಕೂಡಿಸಿಕೊಟ್ಟ ನಿಧಿಯಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಶಾಲೆ ಆರಂಭವಾಯಿತು. ಆ ಶಾಲೆ ಆಸ್ಪತ್ರೆಯೊಳಗೇ ಹುಟ್ಟಿತು ಎಂಬ ಸಂಗತಿಯನ್ನು ನೆನಪಿನಲ್ಲಿಡಬೇಕು.

ಭಾರತದಲ್ಲಿ ನರ್ಸಿಂಗ್ ಪದವಿ ಶಿಕ್ಷಣವು 1946ರಲ್ಲಿ ದೆಹಲಿ ಮತ್ತು ವೆಲ್ಲೂರುಗಳಲ್ಲಿ ಮೊದಲಾಯಿತು. ಮರುವರ್ಷವೇ, 1947ರಲ್ಲಿ, ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯ್ದೆ ಬಂದು ದೇಶಕ್ಕೆಲ್ಲ ಸಮಾನ ಮಾನದಂಡಗಳಿಗೆ ದಾರಿಯಾಯಿತು. 2023ರಲ್ಲಿ ಸಂಸತ್ತು ರಾಷ್ಟ್ರೀಯ ನರ್ಸಿಂಗ್ ಮತ್ತು ಪ್ರಸೂತಿ ಆಯೋಗದ ಹೊಸ ಕಾಯ್ದೆಯನ್ನು ಅಂಗೀಕರಿಸಿದೆ. ನಮ್ಮ ರಾಜ್ಯದಲ್ಲಿ 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು ಕಾರ್ಯಾರಂಭ ಮಾಡಿತು. ಅಲ್ಲಿಯವರೆಗೆ ಬೇರೆ ಬೇರೆ ವಿಶ್ವವಿದ್ಯಾಲಯಗಳಲ್ಲಿ ಹಂಚಿಹೋಗಿದ್ದ ವೈದ್ಯಕೀಯ, ಆಯುರ್ವೇದ, ನರ್ಸಿಂಗ್ ಮೊದಲಾದ ಕಾಲೇಜುಗಳು ಒಂದೇ ಸೂರಿನಡಿ ಬಂದವು. ಮಠಗಳೂ ಈ ಕಾರ್ಯದಲ್ಲಿ ಹಿಂದೆ ಬಿದ್ದಿಲ್ಲ. ಸುತ್ತೂರು ಮಠದ ಜೆಎಸ್‌ಎಸ್ ಮಹಾವಿದ್ಯಾಪೀಠವು ಮೈಸೂರಿನಲ್ಲಿ ನಡೆಸುತ್ತಿರುವ ನರ್ಸಿಂಗ್ ಕಾಲೇಜು ಇದಕ್ಕೆ ಉದಾಹರಣೆ.

ಇಂದು ಮುಖ್ಯವಾಗಿ ಮೂರು ಹಂತದ ವ್ಯಾಸಂಗಗಳಿವೆ. ಎಎನ್ಎಂ ಎರಡು ವರ್ಷದ್ದು, ಜಿಎನ್ಎಂ ಮೂರು ವರ್ಷದ್ದು, ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷದ್ದು. ಬಿ.ಎಸ್ಸಿ. ನರ್ಸಿಂಗ್‌ಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರ ಓದಿರಬೇಕು. ಇದು ಹೆಣ್ಣುಮಕ್ಕಳಿಗೆ ಮಾತ್ರ ಎಂಬ ತಪ್ಪು ಕಲ್ಪನೆ ಬೇಡ, ಗಂಡುಮಕ್ಕಳೂ ಓದಬಹುದು.

ವರ್ಷದಿಂದ ವರ್ಷಕ್ಕೆ ಏನು ಬೆಳೆಯಬೇಕು?

ಕಾಲೇಜಿನ ವಾರ್ಷಿಕ ವರದಿ ಕೈಗೆ ಬಂದಾಗ ನಾವು ಸಾಮಾನ್ಯವಾಗಿ ನೋಡುವುದು ಹೊಸ ಕಟ್ಟಡ, ಹೆಚ್ಚಿದ ಸೀಟುಗಳು ಮತ್ತು ಉತ್ತೀರ್ಣರಾದವರ ಶೇಕಡಾವಾರು. ಇವು ಬೇಡವೆಂದಲ್ಲ. ಆದರೆ ಸೀಟು ಹೆಚ್ಚಿ ಹಾಸಿಗೆ ಹೆಚ್ಚದಿದ್ದರೆ ಅದು ಬೆಳವಣಿಗೆಯಲ್ಲ, ಬಾವು. ಬಾವು ಬಂದ ಕಾಲನ್ನು ಯಾವ ವೈದ್ಯನೂ ಪುಷ್ಟವಾದ ಕಾಲು ಎನ್ನುವುದಿಲ್ಲ.

ಮೊದಲನೆಯದಾಗಿ ನೋಡಬೇಕಾದದ್ದು ಆಸ್ಪತ್ರೆ. ಪರಿಷತ್ತಿನ ಮಾನದಂಡದ ಪ್ರಕಾರ ಬಿ.ಎಸ್ಸಿ. ನರ್ಸಿಂಗ್ ಕಾಲೇಜಿಗೆ ಕನಿಷ್ಠ 100 ಹಾಸಿಗೆಗಳ ಸ್ವಂತ ಆಸ್ಪತ್ರೆ ಇರಬೇಕು. ಕಲಿಕೆಯ ಸಮಯದಲ್ಲಿ ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳಿರಬೇಕು. ಹಾಸಿಗೆಗಳಲ್ಲಿ ಶೇಕಡಾ 75ರಷ್ಟಾದರೂ ಭರ್ತಿಯಾಗಿರಬೇಕು. ಲೆಕ್ಕ ಹಾಕಿ ನೋಡಿ. ಒಂದೇ ವೇಳೆಗೆ 60 ವಿದ್ಯಾರ್ಥಿಗಳು ವಾರ್ಡಿನಲ್ಲಿದ್ದರೆ 180 ರೋಗಿಗಳು ಬೇಕು. ಅಷ್ಟು ರೋಗಿಗಳಿರಲು 240 ಹಾಸಿಗೆಗಳು ಬೇಕು. ಸ್ವಂತ ಆಸ್ಪತ್ರೆ ಸಾಲದಿದ್ದರೆ ಬೇರೆ ಆಸ್ಪತ್ರೆಗಳೊಡನೆ ಒಪ್ಪಂದವಿರಬೇಕು. ಆ ಒಪ್ಪಂದ ಕಾಗದದ ಮೇಲೆ ಮಾತ್ರ ಇದೆಯೋ, ವಿದ್ಯಾರ್ಥಿಗಳು ನಿಜವಾಗಿ ಹೋಗುತ್ತಾರೋ ಎಂಬುದನ್ನು ಹಿರಿಯ ವಿದ್ಯಾರ್ಥಿಗಳಲ್ಲಿ ಕೇಳಿ ತಿಳಿಯಬೇಕು.

ಎರಡನೆಯದು ಬೋಧಕರು. ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಬೋಧಕ ಎಂಬುದು ನಿಯಮ. ವರ್ಷಕ್ಕೆ 60 ಮಂದಿಯಂತೆ ನಾಲ್ಕು ವರ್ಷಕ್ಕೆ 240 ವಿದ್ಯಾರ್ಥಿಗಳಿರುವ ಕಾಲೇಜಿಗೆ 24 ಬೋಧಕರು ಬೇಕು. ಕಳೆದ ವರ್ಷ ಇದ್ದವರೇ ಈ ವರ್ಷವೂ ಇದ್ದಾರೆಯೇ ಎಂಬುದು ಅಷ್ಟೇ ಮುಖ್ಯ. ವರ್ಷಕ್ಕೊಮ್ಮೆ ಬೋಧಕರು ಬದಲಾಗುವ ಕಡೆ ಕಲಿಕೆ ಬೇರುಬಿಡುವುದಿಲ್ಲ.

ಮೂರನೆಯದು ವಿದ್ಯಾರ್ಥಿಯ ಸ್ವಂತ ಬೆಳವಣಿಗೆ. ಮೊದಲ ವರ್ಷ ಶರೀರರಚನೆ, ಶರೀರಕ್ರಿಯೆ, ಪೋಷಣೆ ಮತ್ತು ಶುಶ್ರೂಷೆಯ ಮೂಲಪಾಠಗಳು. ಹಾಸಿಗೆ ಹಾಸುವುದರಿಂದ ಹಿಡಿದು ನಾಡಿ ಎಣಿಸುವವರೆಗೆ. ಎರಡನೆಯ ವರ್ಷ ಔಷಧಶಾಸ್ತ್ರ, ರೋಗಶಾಸ್ತ್ರ ಹಾಗೂ ವಯಸ್ಕ ರೋಗಿಗಳ ಆರೈಕೆ. ಮೂರನೆಯ ವರ್ಷ ಮಕ್ಕಳ ಆರೈಕೆ, ಮನೋರೋಗಿಗಳ ಆರೈಕೆ, ಸಮುದಾಯ ಆರೋಗ್ಯ. ಬಳಿಕ ಹೆರಿಗೆ ಮತ್ತು ಪ್ರಸೂತಿ ಆರೈಕೆ, ಸಂಶೋಧನೆಯ ಪರಿಚಯ. 2021ರ ಪರಿಷ್ಕೃತ ಪಠ್ಯಕ್ರಮದಲ್ಲಿ ಎಂಟನೆಯ ಸೆಮಿಸ್ಟರು ಪೂರ್ತಿಯಾಗಿ ಇಂಟರ್ನ್‌ಶಿಪ್‌ಗೆ ಮೀಸಲು. ಪ್ರತಿ ವರ್ಷದ ಕೊನೆಗೆ ಮಗಳನ್ನು 'ಎಷ್ಟು ಅಂಕ ಬಂತು' ಎಂದು ಮಾತ್ರ ಕೇಳಬೇಡಿ; 'ಯಾವ ಕೆಲಸವನ್ನು ನೀನೇ ಕೈಯಾರೆ ಮಾಡಿದೆ' ಎಂದೂ ಕೇಳಿ.

ನಾಲ್ಕನೆಯದು ಹೊರಬಿದ್ದವರ ನೆಲೆ. ಉತ್ತೀರ್ಣರಾದವರು ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಣಿಯಾದ ಮೇಲೆಯೇ ಅಧಿಕೃತ ನರ್ಸ್ ಆಗುತ್ತಾರೆ. ಕಳೆದ ಎರಡು ಮೂರು ವರ್ಷಗಳಲ್ಲಿ ಹೊರಬಂದವರು ಈಗ ಎಲ್ಲಿ ಕೆಲಸ ಮಾಡುತ್ತಿದ್ದಾರೆ ಎಂಬ ಪ್ರಶ್ನೆಗೆ ಸ್ಪಷ್ಟ ಉತ್ತರ ನೀಡುವ ಕಾಲೇಜು ವಿಶ್ವಾಸಕ್ಕೆ ಪಾತ್ರವಾದುದು.

ಸೇರಿಸುವ ಮುನ್ನ

ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ರೈತರೊಬ್ಬರು ಮಧ್ಯವರ್ತಿಯ ಮಾತು ನಂಬಿ, ಅಡಿಕೆ ತೋಟದ ಮೇಲೆ ಸಾಲ ಮಾಡಿ, ಮಗಳನ್ನು ದೂರದ ಊರಿನ ಕಾಲೇಜೊಂದಕ್ಕೆ ಸೇರಿಸಿದರು. ಅಲ್ಲಿ ಕಟ್ಟಡವಿತ್ತು, ರೋಗಿಗಳಿರಲಿಲ್ಲ. ಮಾಡದ ಕೆಲಸಗಳನ್ನು ಲಾಗ್‌ಬುಕ್ಕಿನಲ್ಲಿ ಬರೆಸಲಾಯಿತು. ಪದವಿ ಬಂದ ಮೇಲೆ ಆ ಮಗಳು ದೊಡ್ಡ ಆಸ್ಪತ್ರೆಯೊಂದರಲ್ಲಿ ರೋಗಿಯ ರಕ್ತನಾಳಕ್ಕೆ ಸೂಜಿ ಹಾಕಲು ನಿಂತಾಗ ಕೈ ನಡುಗಿತು. ಅವಳು ಕಷ್ಟಪಟ್ಟು, ಕಡಿಮೆ ಸಂಬಳಕ್ಕೆ, ಎಲ್ಲವನ್ನೂ ಹೊಸದಾಗಿ ಕಲಿಯಬೇಕಾಯಿತು. ಬುದ್ಧಿವಂತೆಯಾದ ಹುಡುಗಿಯ ನಾಲ್ಕು ವರ್ಷ ಮತ್ತು ಒಂದು ಕುಟುಂಬದ ನೆಮ್ಮದಿ ಅಲ್ಲಿ ಕರಗಿಹೋದವು. ಇಂತಹ ನಷ್ಟ ತಪ್ಪಿಸಲು ಭಕ್ತಬಾಂಧವರು ಈ ಕೆಳಗಿನ ಸಂಗತಿಗಳನ್ನು ಗಮನಿಸಬೇಕು.

ಬಿ.ಎಸ್ಸಿ. ನರ್ಸಿಂಗ್‌ನ ಸರ್ಕಾರಿ ಕೋಟಾದ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಸಿಇಟಿ ಮೂಲಕ ಹಂಚುತ್ತದೆ. ಆದುದರಿಂದ ಪಿಯುಸಿ ಎರಡನೆಯ ವರ್ಷದಲ್ಲಿಯೇ ಸಿಇಟಿಗೆ ಅರ್ಜಿ ಹಾಕಬೇಕು. ಕಾಲೇಜಿಗೆ ಆ ವರ್ಷದ ವಿಶ್ವವಿದ್ಯಾಲಯ ಸಂಯೋಜನೆ ಮತ್ತು ರಾಜ್ಯ ಪರಿಷತ್ತಿನ ಅನುಮತಿ ಇದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಹಿಂದಿನ ವರ್ಷ ಇತ್ತೆಂಬುದು ಸಾಲದು. ಮೂಲ ಅಂಕಪಟ್ಟಿಗಳನ್ನು ಯಾವ ಮಧ್ಯವರ್ತಿಯ ಕೈಗೂ ಕೊಡಬಾರದು. ಶುಲ್ಕಕ್ಕೆ ರಸೀದಿ ಪಡೆಯಬೇಕು. ಹಾಸ್ಟೆಲ್, ಸಮವಸ್ತ್ರ, ಪ್ರಯಾಣಗಳ ಖರ್ಚನ್ನು ಸೇರಿಸಿ ನಾಲ್ಕೂ ವರ್ಷದ ಒಟ್ಟು ಮೊತ್ತವನ್ನು ಮೊದಲೇ ಬರೆದು ಕೇಳಬೇಕು. ಅರ್ಹರು ರಾಜ್ಯದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ತಂತ್ರಾಂಶದಲ್ಲಿ ಅರ್ಜಿ ಸಲ್ಲಿಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಸೇರಿಸುವ ಮುನ್ನ ಒಂದು ಹಗಲು ಆ ಕಾಲೇಜಿನ ಆಸ್ಪತ್ರೆಯಲ್ಲಿ ಕುಳಿತು ನೋಡಿ ಬನ್ನಿ. ಹೊರರೋಗಿ ವಿಭಾಗದಲ್ಲಿ ಸಾಲು ಇದೆಯೇ, ವಾರ್ಡಿನಲ್ಲಿ ವಿದ್ಯಾರ್ಥಿಗಳ ಜೊತೆ ಬೋಧಕರಿದ್ದಾರೆಯೇ ಎಂಬುದನ್ನು ಕಣ್ಣು ಹೇಳುವಷ್ಟು ಕರಪತ್ರ ಹೇಳದು.

ಶಿಕಾರಿಪುರದಿಂದ ಶಿವಮೊಗ್ಗದ ಮೆಗ್ಗಾನ್ ಬೋಧನಾ ಆಸ್ಪತ್ರೆಗೆ ಸುಮಾರು 50 ಕಿಲೋಮೀಟರ್. ಸೊರಬದಿಂದ ಇನ್ನೂ ದೂರ. ನಡುವೆ ರೋಗಿಯ ಜೀವ ಹಿಡಿದು ನಿಲ್ಲಿಸುವವರು ತಾಲ್ಲೂಕು ಆಸ್ಪತ್ರೆಯ, ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸುಗಳು. ಅವರನ್ನು 'ಸೂಜಿ ಹಾಕುವವರು' ಎಂದು ಹಗುರವಾಗಿ ಮಾತನಾಡುವ ಅಭ್ಯಾಸ ನಮ್ಮಲ್ಲಿ ಇನ್ನೂ ಹೋಗಿಲ್ಲ. ಮದುವೆಯ ಮಾತುಕತೆಯಲ್ಲಿ 'ನರ್ಸ್ ಹುಡುಗಿ ಬೇಡ, ರಾತ್ರಿ ಪಾಳಿ ಇರುತ್ತದೆ' ಎನ್ನುವ ಮನೆಯವರೇ, ತಮ್ಮ ತಾಯಿ ಐಸಿಯುನಲ್ಲಿರುವಾಗ ರಾತ್ರಿಯಿಡೀ ಎಚ್ಚರವಿರುವ ನರ್ಸನ್ನು ಬಯಸುತ್ತಾರೆ. ಈ ದ್ವಂದ್ವವನ್ನು ನಾವು ಬಿಡಬೇಕು. ಕಾಯಕದಲ್ಲಿ ಮೇಲು ಕೀಳುಗಳನ್ನೆಣಿಸದ ಪರಂಪರೆಯ ವಾರಸುದಾರರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ.

ಕಾಡಂಚಿನ ಗ್ರಾಮಗಳ ಭಕ್ತರಲ್ಲಿ ವೈದ್ಯನಾಗಿ ಒಂದು ವಿನಂತಿ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಹಠಾತ್ತನೆ ತೀವ್ರ ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಷಾಯ ಕುಡಿಯುತ್ತ ಮನೆಯಲ್ಲಿ ದಿನ ಕಳೆಯಬೇಡಿ. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬೇಡಿ. ಸಮೀಪದ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತಪರೀಕ್ಷೆ ಮಾಡಿಸಿ. ಕಾಡಿಗೆ ಹೋಗಿಬಂದಿದ್ದರೆ, ಹತ್ತಿರದಲ್ಲಿ ಮಂಗ ಸತ್ತಿದ್ದರೆ, ಅದನ್ನು ಅಲ್ಲಿನ ನರ್ಸಿಗೆ ತಪ್ಪದೆ ಹೇಳಿ. ಚೆನ್ನಾಗಿ ಕಲಿತು ಬಂದವರು ಆ ಒಂದು ಮಾತಿನಿಂದಲೇ ರೋಗದ ಜಾಡು ಹಿಡಿಯಬಲ್ಲರು.